ಬಚ್ಚಲ ನೀರು ಎಲ್ಲಿ ಹೋಯಿತು

ನಮ್ಮ ಹೊಸ ಬಚ್ಚಲಿನ ನೀರು ಮೊದಮೊದಲು ಹೇಳಿದಂತೆ ಕೇಳಿತು. ಸುರಿದಷ್ಟೂ ಮೂಲೆಯ ಜಾಲರಿಯೊಳಗೆ ಇಳಿದು ಹೋಗುತ್ತಿತ್ತು. ಆಮೇಲೆ ಅದಕ್ಕೆ ಏನಾಯಿತೋ. ಒಂದು ಮುಂಜಾನೆ ಮೊದಲ ಬಕೆಟ್ ನೀರು ಹೋಯಿತು, ಎರಡನೆಯದು ಹೋಗಲೋ ಬೇಡವೋ ಎಂದು ನಿಂತಿತು, ಮೂರನೆಯದನ್ನು ಹಾಕಿದ್ದೇ ತಡ, ಹೋದದ್ದೆಲ್ಲ ನೊರೆ ಸಮೇತ ವಾಪಸು ಬಂದು ನನ್ನ ಹಿಮ್ಮಡಿ ಮುಳುಗಿಸಿತು. ನೀರು ತಗ್ಗಿಗೆ ಹರಿಯುತ್ತದೆ ಎಂದು ಶಾಲೆಯಲ್ಲಿ ಓದಿದವಳು ನಾನು. ಹೋದ ನೀರು ತಿರುಗಿ ಮನೆಗೆ ಬರುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಗಡಿಯಾಚೆಯ ಜತ್ತ ತಾಲೂಕಿನ ಒಂದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ಮನೆಯ ಮುಂಭಾಗವೇ ಗಿರಣಿ. ಜೋಳ, ಸಜ್ಜೆ, ಗೋಧಿ ಬೀಸುತ್ತ, ಆ ಗದ್ದಲದಲ್ಲಿ ಗಿರಾಕಿಗಳ ಜೊತೆ ಒದರಾಡುತ್ತ ನನ್ನ ದನಿ ದೊಡ್ಡದಾಗಿಬಿಟ್ಟಿದೆ. ಗಿರಣಿ ನಿಂತ ಮೇಲೂ ಅದು ಸಣ್ಣದಾಗುವುದಿಲ್ಲ. ಚಹಾ ಕುಡಿಯಲು ಕರೆದರೂ ಜಗಳಕ್ಕೆ ಕರೆದಂತೆ ಕೇಳಿಸುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಸಿಟ್ಟೂ ಇದೆ ಅನ್ನಿ. ಅದನ್ನು ಮಾತ್ರ ಗಿರಣಿಯ ತಲೆಗೆ ಕಟ್ಟುವಂತಿಲ್ಲ.

ಈ ಬಚ್ಚಲು ಕಟ್ಟಿಸಿದ್ದು ನಮ್ಮ ಅತ್ತೆಗಾಗಿ. ಮೊದಲು ಹಿತ್ತಲಲ್ಲಿ ತಗಡಿನ ಮರೆಯೊಂದೇ ಇತ್ತು. ಅಲ್ಲಿಗೆ ಹೋಗುವ ಮೆಟ್ಟಿಲಲ್ಲಿ ಜಾರಿ ಬಿದ್ದು ಅತ್ತೆ ಸೊಂಟದ ಕೀಲು ಮುರಿದುಕೊಂಡರು. ಮಿರಜಿನಲ್ಲಿ ಆಪರೇಶನ್ ಮಾಡಿಸಿ ಕರೆತಂದೆವು. ವಾಕರ್ ಹಿಡಿದು ಒಳಮನೆಯಲ್ಲಿ ಓಡಾಡುವಷ್ಟಾದರು, ಆದರೆ ಹಿತ್ತಲಿನ ಮೆಟ್ಟಿಲು ಹತ್ತುವಂತಿರಲಿಲ್ಲ. ಅತ್ತೆಗೆ ನೋವಿನದು ಅಷ್ಟು ಚಿಂತೆಯಿರಲಿಲ್ಲ. ಇನ್ನೊಬ್ಬರು ಮೈಗೆ ನೀರು ಹಾಕಬೇಕಲ್ಲ ಎಂಬುದೇ ದೊಡ್ಡ ಸಂಕಟವಾಗಿತ್ತು. ಬುದ್ಧಿ ಬಂದಾಗಿನಿಂದ ನಸುಕಿನಲ್ಲಿ ತಾವೇ ಸ್ನಾನ ಮಾಡಿ, ಕೊರಳಿನ ಲಿಂಗ ಅಂಗೈಯಲ್ಲಿಟ್ಟು ಪೂಜೆ ಮಾಡಿ, ಆಮೇಲೆ ನೀರು ಕುಡಿದವರು ಅವರು.

"ನನಗ ಏನೂ ಬ್ಯಾಡ್ರೆವ್ವಾ. ಜಳಕಾ ಒಂದ ನಾನ ಮಾಡ್ಕೊಳ್ಳಂಗ ಆಗಲಿ," ಎಂದಿದ್ದರು. ಆ ಒಂದು ಮಾತಿಗೆ ಪಡಸಾಲೆಯ ಮಗ್ಗುಲಿಗೇ ಬಚ್ಚಲು ಮಾಡಿಸುವುದೆಂದು ಗೊತ್ತಾಯಿತು. ಕೂರಲು ಕಲ್ಲಿನ ಕಟ್ಟೆ, ಹಿಡಿದುಕೊಳ್ಳಲು ಗೋಡೆಗೆ ಉಕ್ಕಿನ ಸರಳು.

ಕೆಲಸ ಗುತ್ತಿಗೆ ಹಿಡಿದ ಮಿಸ್ತ್ರಿ ತಿಕೋಂಡಿಯವನು. ತಿಕೋಂಡಿ ಅತ್ತೆಯ ತವರೂರು. ಅವನಿಗೂ ಅತ್ತೆಗೂ ರಕ್ತಸಂಬಂಧವಿಲ್ಲ, ಆದರೂ ಊರ ಮಗಳು ಎಂದು ಅವರನ್ನು ದೊಡ್ಡವ್ವ ಎನ್ನುತ್ತಿದ್ದ. ಅತ್ತೆ ಪಡಸಾಲೆಯ ಮಂಚದ ಮೇಲೆ ಮಲಗಿಕೊಂಡೇ ಅವನ ಕೆಲಸ ನೋಡುತ್ತಿದ್ದರು. ನಾನು ಗಿರಣಿಯಲ್ಲಿರುತ್ತಿದ್ದೆ. ನನ್ನ ಗಂಡ ಜತ್ತ ಡೇಪೋದಲ್ಲಿ ಬಸ್ಸುಗಳ ಮೆಕ್ಯಾನಿಕ್, ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಪೈಪು ಹಾಕುವ ಹೊತ್ತಿಗೆ ಸರಿಯಾಗಿ ಸೊರಡಿಯ ನನ್ನ ತವರಿನಲ್ಲಿ ತಮ್ಮನ ಲಗ್ನ ಬಂತು. ಅತ್ತೆಯ ಹತ್ತಿರ ನಾದಿನಿಯನ್ನು ಬಿಟ್ಟು ನಾವಿಬ್ಬರೂ ಹೋಗಿ, ಎಲ್ಲ ಮುಗಿಸಿ ಬಂದೆವು. ಬರುವಷ್ಟರಲ್ಲಿ ನೆಲಕ್ಕೆ ಫರಸಿ ಕಲ್ಲು ಕೂತಿತ್ತು, ಬಚ್ಚಲು ಥಳಥಳ ಹೊಳೆಯುತ್ತಿತ್ತು. ಮನೆಯ ಮುಂದೆ ಗಟಾರದ ದಂಡೆಯಲ್ಲಿ ಮಾಳಿಗೆಯ ಮಳೆನೀರು ಬೀಳುವ ಹಳೆಯ ಪೈಪಿನ ಬಾಯಿ ಇದೆ. ಬಚ್ಚಲ ನೀರನ್ನೂ ಅದಕ್ಕೇ ಕೂಡಿಸಿದ್ದಾನೆ ಎಂದು ನಾವು ತಿಳಿದುಕೊಂಡೆವು. ಇನ್ನೆಲ್ಲಿಗೆ ಕೂಡಿಸಿಯಾನು?

ನೀರು ತಿರುಗಿ ಬಂದ ಸುದ್ದಿ ಒಂದೇ ದಿನದಲ್ಲಿ ಗಿರಣಿಯ ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತಾಯಿತು. ನಾನೇ ಹೇಳಿದ್ದು, ಮತ್ಯಾರು.

"ಪೈಪಿನ್ಯಾಗ ಇಲಿ ಸತ್ತಿರಬೇಕ ನೋಡು," ಎಂದಳು ಒಬ್ಬಳು.

"ಇಲಿ ಅಲ್ಲವಾ, ಗಾಳಿ ಸಿಕ್ಕೊಂಡೈತಿ. ಮ್ಯಾಲೊಂದ ತೂತ ಹೊಡಸು," ಎಂದ ಇನ್ನೊಬ್ಬ.

ಇಲಿಯೋ ಗಾಳಿಯೋ ನೋಡಿಯೇ ಬಿಡೋಣ ಎಂದು ಒಂದು ರವಿವಾರ ಬಕೆಟ್ ನೀರಿಗೆ ಅರಿಶಿನ ಕಲಸಿ ಬಚ್ಚಲಿಗೆ ಸುರಿದೆ. ನನ್ನ ಗಂಡನನ್ನು ಹೊರಗೆ ಗಟಾರದ ಹತ್ತಿರ ನಿಲ್ಲಿಸಿದ್ದೆ. ಹಳದಿ ನೀರು ಬಂತೇ ಎಂದು ಒಳಗಿನಿಂದ ನಾನು ಕೂಗುವುದು, ಇಲ್ಲ ಎಂದು ಅವರು ಹೊರಗಿನಿಂದ ಕೂಗುವುದು. ಹೋಗಿಬರುವವರು ಏನು ಕಳಕೊಂಡಿರಿ ಎಂದು ಅವರನ್ನು ಕೇಳತೊಡಗಿದರು. ಮೂರು ಬಕೆಟ್ ಆದ ಮೇಲೆ ಹಳದಿ ನೀರು ಎಂದಿನಂತೆ ನನ್ನ ಕಾಲಿಗೇ ಬಂತು. ಗಟಾರ ಒಣಗಿಯೇ ಇತ್ತು. ಮರುದಿನ ಬೆಳಿಗ್ಗೆ ನೋಡಿದರೆ ಬಚ್ಚಲಿನ ನೀರೆಲ್ಲ ಇಂಗಿಹೋಗಿ, ನೆಲ ಲಗ್ನದ ಮನೆಯ ಹಾಗೆ ಹಳದಿಯಾಗಿತ್ತು. ಹಾಗಾದರೆ ರಾತ್ರಿ ಆ ನೀರು ಹೋದದ್ದೆಲ್ಲಿಗೆ? ನನ್ನ ತಲೆ ಕೆಟ್ಟು ಮೊಸರಾಯಿತು.

ಮಿಸ್ತ್ರಿಗೆ ಫೋನ್ ಮಾಡಿದೆ. ಕೆಲಸ ಕೆಡಿಸಿದವರು ಫೋನ್ ಎತ್ತುವುದಿಲ್ಲ ಎಂದು ನಾನು ಕೇಳಿದ್ದೆ. ಇವನು ಮೊದಲ ರಿಂಗಿಗೇ ಎತ್ತಿದ, ಅಂದೇ ಬಂದ. ಅದೇ ನನಗೆ ಮೊದಲ ಗೊಂದಲ.

"ಮಿಸ್ತ್ರಿಯವರ, ನೀರು ಎಲ್ಲಿ ಹೊಂಟೈತಿ ಹೇಳ್ರಿ."

"ಹೋಗತೈತ್ರಿ ಅಕ್ಕಾರ. ಹೊಸಾದು, ಸ್ವಲ್ಪ ದಿನ ತಗೋತೈತಿ."

"ನೀರಿಗೆ ಮನಿ ರೂಢಿ ಆಗಬೇಕೇನ್ರಿ?"

ಅವನು ಬಿದಿರಿನ ಸೀಳು ಹಾಕಿ ಜಾಲರಿಯೊಳಗೆ ತಿವಿದ, ಬಗ್ಗಿ ಕಿವಿಯಿಟ್ಟು ಕೇಳಿದ, ಎದ್ದು ಮಂಚದ ಕಡೆ ನೋಡಿದ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದರು. "ನೀರ ಒಂಚೂರು ಕಡಿಮಿ ಹಾಕ್ರಿ ಅಕ್ಕಾರ," ಎಂದು ಹೇಳಿ ಹೋದ. ಬಚ್ಚಲಿಗೆ ನೀರು ಕಡಿಮೆ ಹಾಕಿ ಎನ್ನುವ ಮಿಸ್ತ್ರಿಯನ್ನು ನಾನು ಅಂದೇ ಮೊದಲು ಕಂಡದ್ದು. ನನ್ನ ಮೈಯೆಲ್ಲ ಉರಿಯಿತು.

ಅವನು ಮತ್ತೆ ಬಂದ, ಮತ್ತೂ ಬಂದ. ಪ್ರತಿ ಸಲ ಏನೋ ತಿವಿಯುವುದು, ಮಂಚದ ಕಡೆ ನೋಡುವುದು, ತಲೆ ತಗ್ಗಿಸಿ ಹೋಗುವುದು. ನಾನು ಬಾಯಿಗೆ ಬಂದಂತೆ ಬೈದರೂ ಎದುರಾಡುತ್ತಿರಲಿಲ್ಲ. ತಪ್ಪು ತನ್ನದಲ್ಲ ಎನ್ನಲಿಲ್ಲ, ತನ್ನದು ಎಂದೂ ಅನ್ನಲಿಲ್ಲ. ಜಗಳ ಮಾಡುವವರ ಜೊತೆ ಜಗಳ ಮಾಡಿ ನನಗೆ ಗೊತ್ತು. ಸುಮ್ಮನೆ ನಿಂತವನ ಜೊತೆ ಏನು ಮಾಡಬೇಕೆಂದು ತಿಳಿಯದೆ ನನ್ನ ಸಿಟ್ಟಿಗೇ ಸಿಟ್ಟು ಬಂತು.

ಇಷ್ಟರ ನಡುವೆ ಅತ್ತೆಯ ಸ್ನಾನ ನಿಲ್ಲಿಸಲಾಗುತ್ತದೆಯೇ. ನಿಂತ ನೀರಿನಲ್ಲಿ ಅವರು ಮತ್ತೆ ಜಾರಿದರೆ ಗತಿಯಿಲ್ಲ. ಹಾಗಾಗಿ ಪಡಸಾಲೆಯಲ್ಲಿ ಸೀರೆಯ ಮರೆ ಕಟ್ಟಿ, ದೊಡ್ಡ ಟಬ್ಬಿನಲ್ಲಿ ಸ್ಟೂಲ್ ಇಟ್ಟು ಕೂರಿಸಿ ನಾನೇ ನೀರು ಹಾಕುತ್ತಿದ್ದೆ, ಆಮೇಲೆ ಆ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಹಿತ್ತಲಿಗೆ ಚೆಲ್ಲುತ್ತಿದ್ದೆ. ಮೊದಲ ದಿನಗಳಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡು, ಮೈ ಬಿಗಿಹಿಡಿದು ಕೂತಿರುತ್ತಿದ್ದರು. ಒಂದು ಮಾತಿಲ್ಲ. ನನಗೂ ಏನು ಮಾತಾಡಬೇಕೆಂದು ತೋಚುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ನಾವಿಬ್ಬರೂ ಉಪ್ಪು, ಒಲೆ, ಒಗೆಯುವ ಬಟ್ಟೆ ಇವುಗಳ ಮೇಲೆ ವಾದ ಮಾಡಿದವರೇ ಹೊರತು ಕೂತು ಮಾತಾಡಿದವರಲ್ಲ.

ಒಂದು ದಿನ ಬೆನ್ನು ಉಜ್ಜುವಾಗ ಎಡ ಹೆಗಲಿನ ಮೂಳೆಯ ಕೆಳಗೆ ಕೈ ಹೋದದ್ದೇ, "ಅಲ್ಲೇ, ಅಲ್ಲೇ ಇನ್ನೊಂಚೂರು ತಿಕ್ಕವಾ," ಎಂದರು. ಬಿದ್ದಾಗಿನಿಂದ ಅಲ್ಲಿಗೆ ತಮ್ಮ ಕೈ ಮುಟ್ಟುತ್ತಿಲ್ಲ ಎಂದರು. ಅಂದಿನಿಂದ ಬೆನ್ನಿನ ಜೊತೆ ಬಾಯೂ ಬಿಚ್ಚಿತು. ತಿಕೋಂಡಿಯಲ್ಲಿ ಕುರಿ ಕಾಯ್ದದ್ದು, ವಿಜಯಪುರದಲ್ಲಿ ಮೊದಲ ಸಲ ಬಸ್ಸಿನೊಳಗೆ ವಾಂತಿ ಮಾಡಿಕೊಂಡದ್ದು, ಲಗ್ನವಾಗಿ ಬಂದ ಹೊಸದರಲ್ಲಿ ಮಾವ ಮಾತಾಡಿಸಲಿಲ್ಲವೆಂದು ಅತ್ತದ್ದು. ಬೆನ್ನು ನನ್ನ ಕಡೆ ಇರುತ್ತಿದ್ದುದರಿಂದಲೋ ಏನೋ ಅವರಿಗೆ ಹೇಳಲು ಸುಲಭವಾಗುತ್ತಿತ್ತು. ನಾನು ಕೇಳುತ್ತ ನಗುತ್ತಿದ್ದೆ. ಸ್ನಾನ ಮುಗಿಸಿ ಬಚ್ಚಲಿನ ಕಡೆ ನೋಡಿದಾಗ ಮಾತ್ರ ಮಿಸ್ತ್ರಿಯ ಮೇಲಿನ ಸಿಟ್ಟು ಹೊಸದಾಗಿ ಏರುತ್ತಿತ್ತು. ಈ ಮುದುಕಿ ಕೇಳಿದ್ದೇ ಒಂದು, ಅದನ್ನೂ ಅವನು ಕೆಡಿಸಿದನಲ್ಲ.

ಗ್ರಾಹಕರ ಕೋರ್ಟಿಗೆ ಹೋಗೋಣ ಎಂದರು ನನ್ನ ಗಂಡ. ಅದಕ್ಕೆ ಮೊದಲು ಮಗ್ಗುಲ ಮನೆಯ ಚಾಚಾ ಅವರ ಕಿವಿಗೆ ಹಾಕೋಣ ಎಂದೆ ನಾನು. ಚಾಚಾ ಹಗ್ಗ, ತಾಡಪತ್ರಿ ಮಾರುವ ಹಿರಿಯರು. ಮಾವನ ಕಾಲದಿಂದ ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಓಣಿಯಲ್ಲಿ ಯಾರದೇ ತಕರಾರಿದ್ದರೂ ಅವರ ಅಂಗಡಿಯ ಮುಂದಿನ ಬೆಂಚಿನ ಮೇಲೆಯೇ ಮುಗಿಯುತ್ತಿತ್ತು.

"ಕೋರ್ಟು ಸಾಂಗಲಿಯಾಗ ಐತಿ ಬೇಟಿ, ನೀರು ನಿನ್ನ ಬಚ್ಚಲದಾಗ ಐತಿ," ಎಂದರು ಚಾಚಾ. "ಮೊದಲ ನೀರು ನೋಡೂಣು."

ಮಿಸ್ತ್ರಿಯನ್ನು ಕರೆಸಿದರು. ಬೆಂಚಿನ ಮೇಲೆ ಅವನೂ ಕೂತ, ನನ್ನ ಗಂಡನೂ ಕೂತರು. ನಾನು ನಿಂತೇ ಇದ್ದೆ, ಸಿಟ್ಟಿನಲ್ಲಿ ಕೂತು ಮಾತಾಡಲು ನನಗೆ ಬರುವುದಿಲ್ಲ. ಚಾಚಾ ಅವನಿಗೆ ಚಹಾ ಕುಡಿಸಿಯೇ ಬೈದರು.

"ಮುದುಕಿ ಜೀವಕ್ಕ ಒಂದ ಬಚ್ಚಲ ಕಟ್ಟಾಕ ಬರಲಿಲ್ಲೇನೋ ನಿನಗ? ನಿನ್ನ ಊರ ಮಗಳು ಅಕಿ. ನಿಮ್ಮೂರಾಗ ಹೆಂಗ ಮಾರಿ ತೋರಸ್ತಿ?"

ಮಿಸ್ತ್ರಿ ಚಾಚಾ ಅವರ ಮುಖವನ್ನೇ ಒಂದು ಗಳಿಗೆ ನೋಡಿದ.  "ನೀವು ಹೆಂಗ ಅಂತೀರಿ ಹಂಗರಿ," ಎಂದ. ಬಚ್ಚಲಿನಿಂದ ಗಟಾರದ ತನಕ ಫರಸಿ ಎಬ್ಬಿಸಿ ಪೈಪು ನೋಡುವುದು, ತಪ್ಪು ಸಿಕ್ಕರೆ ಅವನೇ ಮತ್ತೆ ಮಾಡಿಕೊಡುವುದು ಎಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಅಗೆತ ಶುರುವಾಯಿತು. ಗಿರಣಿ ಬಂದ್ ಮಾಡಿ ನಾನೂ ನಿಂತೆ. ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದರು. ಮಿಸ್ತ್ರಿ ಹಾರೆ ಹಿಡಿದು ಒಂದೊಂದೇ ಫರಸಿ ಎಬ್ಬಿಸುತ್ತ ಬಂದ. ಅವನ ಕೈ ಮೆಲ್ಲಗಿತ್ತು, ಮುಗಿಯುವುದು ಬೇಡವೆಂಬಂತೆ. ಪಡಸಾಲೆ ಮುಗಿಯಿತು, ಹೊಸ್ತಿಲು ದಾಟಿತು, ಗಟಾರದ ದಂಡೆ ಬಂತು. ಕೆಳಗೆ ಮಣ್ಣು, ಕಲ್ಲು, ಒಂದಿಷ್ಟು ಇರುವೆ. ಪೈಪೇ ಇಲ್ಲ! ಚಾಚಾ ಬಗ್ಗಿ ನೋಡಿದರು, ನನ್ನ ಗಂಡ ಇಳಿದು ನೋಡಿದರು, ನಾನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿದೆ. ಪೈಪು ತಂದ ಅಂಗಡಿ ನನಗೆ ಗೊತ್ತು, ಟೆಂಪೋದಿಂದ ಇಳಿಸಿದ್ದು ನಾನೇ. ನೆಲದಲ್ಲಿ ಪೈಪಿಲ್ಲ, ಆದರೂ ಒಂದಷ್ಟು ದಿನ ನೀರು ಹೋಗಿದೆ. ಇದು ಯಾವ ಲೆಕ್ಕ?

"ಕಳ್ಳಾ! ಪೈಪ ಮಾರಕೊಂಡೀ ಏನ?" ಎಂದು ಕೂಗಿದೆ. ಓಣಿಯ ಆ ತುದಿಯ ನಾಯಿ ಬೊಗಳಿತು.

ಮಿಸ್ತ್ರಿ ಹಾರೆ ಕೆಳಗಿಟ್ಟ. ಅವನ ಮುಖ ಕಪ್ಪಾಯಿತು. ಮಂಚದ ಮೇಲಿಂದ ಅತ್ತೆಯ ದನಿ ಬಂತು.

"ಅವಗ ಕಳ್ಳ ಅನಬ್ಯಾಡ. ಪೈಪ ಹಿತ್ತಲದಾಗ ಐತಿ. ನಾನ ಒಯ್ಯಾಕ ಹಚ್ಚೀನಿ."

ಯಾರಿಗೂ ಏನೂ ತಿಳಿಯಲಿಲ್ಲ. ಹಿತ್ತಲು ಮನೆಗಿಂತ ಎತ್ತರ, ಅಲ್ಲಿಗೆ ಬಚ್ಚಲ ನೀರು ಒಯ್ಯುವವರುಂಟೇ? ಹೋಗಿ ನೋಡಿದರೆ, ಮೂಲೆಯ ಜೋಳದ ಒಣ ದಂಟಿನ ರಾಶಿಯ ಕೆಳಗೆ ಕಲ್ಲುಚಪ್ಪಡಿ, ಅದರ ಕೆಳಗೆ ಒಂದು ಆಳದ ಗುಂಡಿ, ಪೈಪಿನ ಬಾಯಿ ಅದರೊಳಗೆ. ನೀರು ಇಂಗಲೆಂದು ಮಾಡಿದ್ದು. ನಾನು ಸೊರಡಿಯಲ್ಲಿ ಲಗ್ನದ ಊಟ ಮಾಡುವಾಗ ತೋಡಿದ್ದು. ತಳ ಗಟ್ಟಿ ಕಲ್ಲು. ನೀರು ಇಂಗಲು ಜಾಗವಿಲ್ಲದೆ ಗುಂಡಿ ತುಂಬಿ, ಬಂದ ದಾರಿಯಲ್ಲೇ ತಿರುಗಿ ಮನೆಗೆ ಬರುತ್ತಿತ್ತು. ರಾತ್ರಿಯೆಲ್ಲ ಅಷ್ಟಿಷ್ಟು ಸೋರಿ ಬೆಳಿಗ್ಗೆಗೆ ಒಂದೆರಡು ಬಕೆಟ್ಟಿನ ಜಾಗ ಮಾಡಿಕೊಡುತ್ತಿತ್ತು. ಗುಂಡಿಯ ಒಳಗಿನ ಕಲ್ಲಿಗೆ ಇನ್ನೂ ಅರಿಶಿನ ಹತ್ತಿತ್ತು.

"ಯಾಕ್ರಿ ಅತ್ತಿ?" ಎಂದೆ. 

ಅತ್ತೆ ನನ್ನ ಕಡೆ ನೋಡಲಿಲ್ಲ, ಚಾಚಾ ಅವರ ಕಡೆಯೂ ನೋಡಲಿಲ್ಲ. ನಮ್ಮದು ಓಣಿಯ ಏರಿನ ಕಡೆಯ ಮನೆ. ನಮ್ಮ ಗಟಾರದ ನೀರು ಚಾಚಾ ಅವರ ಹೊಸ್ತಿಲ ಮುಂದೆಯೇ ಹಾಯಬೇಕು. ಇದುವರೆಗೆ ಅದರಲ್ಲಿ ಮಳೆನೀರು ಬಿಟ್ಟರೆ ಬೇರೇನೂ ಹರಿದಿರಲಿಲ್ಲ.

"ದಿನಾ ಕೈಕಾಲ ತೊಳಕೊಂಡು, ಆ ಗಟಾರ ದಾಟಿ ಮಸೂತಿಗೆ ನಮಾಜಿಗೆ ಹೋಗತಾರ," ಎಂದರು ಅತ್ತೆ. "ನಾ ಮೈ ತೊಳದ ಹೊಲಸ ನೀರು ಅವರ ಕಾಲಿಗೆ ಸಿಡೀಬೇಕೇನು? ನಾನೂ ಲಿಂಗಾ ಕಟ್ಟಿದಾಕಿ. ಮಡಿ ಅಂದ್ರ ಏನಂತ ನನಗ ಗೊತ್ತಿಲ್ಲೇನು?"

ಯಾರಿಗೂ ಹೇಳುವುದಿಲ್ಲವೆಂದು ಮಿಸ್ತ್ರಿಯಿಂದಲೂ ನಾದಿನಿಯಿಂದಲೂ ಲಿಂಗದ ಮೇಲೆ ಆಣೆ ಮಾಡಿಸಿಕೊಂಡಿದ್ದರು. ಅವನೂ ಲಿಂಗ ಕಟ್ಟಿದವನು. ಅದಕ್ಕೇ ಅಷ್ಟು ಬೈಗಳು ತಿಂದರೂ ಬಾಯಿ ಬಿಟ್ಟಿರಲಿಲ್ಲ.

ಚಾಚಾ ಎಬ್ಬಿಸಿಟ್ಟ ಫರಸಿಗಳ ಮೇಲೆ ಕೂತುಬಿಟ್ಟರು. ಮಿಸ್ತ್ರಿಗೆ ತಾವು ಬೈದದ್ದೆಲ್ಲ ನೆನಪಾಯಿತೇನೋ, ಟೊಪ್ಪಿಗೆ ತೆಗೆದು ತಲೆ ತುರಿಸಿಕೊಂಡರು. "ನನ್ನ ಯಾಕ ಕೇಳಲಿಲ್ಲ ಭಾಬಿ?" ಎಂದರು. ಅವರ ದನಿಯಲ್ಲಿ ನೋವಿತ್ತು.

"ಕೇಳಿದ್ರ ನೀವು ಹ್ಞೂಂ ಅಂತಿದ್ರಿ," ಎಂದರು ಅತ್ತೆ. "ಅದಕ್ಕ ಕೇಳಲಿಲ್ಲ."

 ಚಾಚಾ ಟೊಪ್ಪಿಗೆಯನ್ನು ತಿರುಗಿ ತಲೆಗಿಟ್ಟುಕೊಂಡರು. ನಾನು ಯಾರ ಮೇಲೆ ಸಿಟ್ಟಾಗಬೇಕೆಂದು ಹುಡುಕುತ್ತಿದ್ದೆ. ಆಣೆ ಉಳಿಸಿಕೊಂಡ ಮಿಸ್ತ್ರಿಯ ಮೇಲೋ, ಆಣೆ ಹಾಕಿಸಿದ ಅತ್ತೆಯ ಮೇಲೋ, ನಮಾಜಿಗೆ ಹೋಗುವ ಚಾಚಾ ಅವರ ಮೇಲೋ. ಯಾರೂ ಸಿಗಲಿಲ್ಲ. ಕೊನೆಗೆ, "ನನಗಾದ್ರೂ ಹೇಳಬಾರದೇನ್ರಿ?" ಎಂದೆ.

"ನಿನಗ ಹೇಳಿದ್ರ ಓಣಿಗೆಲ್ಲಾ ಕೇಳತಿತ್ತು," ಎಂದರು ಅತ್ತೆ.

ನನ್ನ ಗಂಡ ನಕ್ಕರು. ಮಿಸ್ತ್ರಿಯೂ ಮುಖ ತಿರುಗಿಸಿ ನಕ್ಕ. ನನಗೆ ಅಳು ಬಂದಂತಾಗಿ ನಾನೂ ನಕ್ಕೆ.

ತಕರಾರು ಮುಗಿಸಿದವರು ಚಾಚಾ. ಪೈಪನ್ನು ಮುಂದಕ್ಕೇ ತಿರುಗಿಸುವುದು, ತಮ್ಮ ಹೊಸ್ತಿಲು ದಾಟುವವರೆಗೆ ನೆಲದೊಳಗೇ ಒಯ್ದು, ಆಚೆಗೆ ಗಟಾರಕ್ಕೆ ಬಿಡುವುದು. ಸಾಮಾನು ನಮ್ಮದು, ಕೈಕೆಲಸ ಮಿಸ್ತ್ರಿಯದು. "ನನ್ನ ಹೊಸ್ತಿಲ ಮುಂದಿನ ಫರಸಿ ನಾನ ಎಬ್ಬಸ್ತೀನಿ. ಅದಕ್ಕ ಯಾರ ಆಣಿನೂ ಬ್ಯಾಡ," ಎಂದರು. ಇಷ್ಟು ಸುಲಭದ ದಾರಿ ಇದ್ದಾಗ ನಾವೆಲ್ಲ ಯಾಕೆ ಇಷ್ಟು ಸುತ್ತಾಡಿದೆವು ಎಂಬುದು ನನಗೆ ಈಗಲೂ ಬಗೆಹರಿದಿಲ್ಲ.

ಮಧ್ಯಾಹ್ನ ಮಿಸ್ತ್ರಿಗೆ ಬಿಸಿ ರೊಟ್ಟಿ ಬಡಿಸುವಾಗ ಹೇಳಿದೆ, "ಕಳ್ಳ ಅಂದಿದ್ದು ತಪ್ಪಾತು ನೋಡ್ರಿ."

"ಇರಬೇಕಾದಲ್ಲಿ ಪೈಪ ಇದ್ದಿಲ್ಲ. ನೀವರೆ ಏನ ಮಾಡ್ತೀರಿ ಅಕ್ಕಾರ," ಎಂದ.

"ಅಲ್ಲಿ ನೀರ ಇಂಗೂದಿಲ್ಲಂತ ನಿಮಗ ಗೊತ್ತಿದ್ದಿಲ್ಲೇನು?"

ಅವನು ರೊಟ್ಟಿ ಮುರಿಯುತ್ತ ಕೂತ. "ಅನುಮಾನ ಇತ್ತರಿ. ಸ್ವಲ್ಪ ದಿನ ನಡೀತೈತಿ ಅಂದ್ಕೊಂಡಿದ್ದೆ. ದೊಡ್ಡವ್ವಗ ಆಗೂದಿಲ್ಲ ಅನ್ನಾಕ ಬಾಯಿ ಬರಲಿಲ್ಲ."

ಗೊತ್ತಿದ್ದೂ ಮಾಡಿದ್ದಾನೆ! ಇಳಿದಿದ್ದ ಸಿಟ್ಟು ಮತ್ತೆ ಅರ್ಧ ಏರಿತು. ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದೆ.

ನನಗೆ ಉಳಿದ ಪ್ರಶ್ನೆ ಒಂದೇ. ನೀರು ಯಾಕೆ ತಿರುಗಿ ಬರುತ್ತಿದೆ ಎಂದು ಅತ್ತೆಗೆ ಮೊದಲಿನಿಂದ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಅವರು ಬಯಸಿದ ಸ್ನಾನ ಯಾವಾಗಲೋ ಸಿಗುತ್ತಿತ್ತು. ಆದರೂ ದಿನಾ ನನ್ನ ಮುಂದೆ ಟಬ್ಬಿನಲ್ಲಿ ಕೂತರು. ಚಾಚಾ ಅವರ ಮೇಲಿನ ಮರ್ಯಾದೆಗೋ, ಮತ್ತೆ ಯಾವುದಕ್ಕೋ? ಪಡಸಾಲೆಯಲ್ಲಿ ಕೊನೆಯ ಸಲ ಬೆನ್ನು ಉಜ್ಜುವಾಗ ಕೇಳಿಯೇಬಿಟ್ಟೆ.

"ಹೇಳಬೇಕಂತ ದಿನಾ ಅನ್ಕೊಂತಿದ್ದೆ. ಮಾತಿನ ಮಾತಿಗೆ ಮರತ ಹೋಗತಿತ್ತು," ಎಂದು ಹೇಳಿ, ತಿಕೋಂಡಿಯ ಯಾವುದೋ ಕುರಿಯ ಸುದ್ದಿ ತೆಗೆದರು.

ಕೆಲಸ ಮುಗಿಯಿತು. ಬಕೆಟ್ಟಿನ ಮೇಲೆ ಬಕೆಟ್ಟು ಸುರಿದು ನೋಡಿದೆವು, ನೀರು ಹೋದದ್ದು ಹೋಯಿತು, ತಿರುಗಿ ಬರಲಿಲ್ಲ. ಮರುದಿನ ನಾನು ನೀರು ಕಾಯಿಸಿ, ಬಚ್ಚಲಿನಲ್ಲಿ ಬಕೆಟ್ ಇಟ್ಟು, ಸಾಬೂನು ತೆಗೆದಿಟ್ಟು, ಸೀರೆಯ ಸೆರಗು ಸಿಕ್ಕಿಸಿ ನಿಂತೆ. ಅತ್ತೆ ವಾಕರ್ ಊರುತ್ತ ಬಂದು, ಸರಳು ಹಿಡಿದು, ಒಳಗೆ ಹೋಗಿ ಬಾಗಿಲು ಮುಚ್ಚಿದರು. ಒಳಗಿನಿಂದ ಚಿಲಕ ಬಿತ್ತು.

ನನಗೆ ಸಂತೋಷವಾಗಬೇಕಿತ್ತು. ಇಷ್ಟು ದಿನ ಒದರಾಡಿದ್ದು ಈ ಒಂದು ಚಿಲಕಕ್ಕಾಗಿ. ಆದರೆ ಏನೋ ಕೈತಪ್ಪಿ ಬಿದ್ದಂತಾಯಿತು. ಒಳಗೆ ತಂಬಿಗೆಯ ಸದ್ದು, ನೀರು ಬೀಳುವ ಸದ್ದು, ಅದು ಗುಳುಗುಳು ಹೋಗುವ ಸದ್ದು. ನಾನು ಬಾಗಿಲಿಗೆ ಕಿವಿಗೊಟ್ಟು ನಿಂತೇ ಇದ್ದೆ.

"ಅತ್ತಿ, ಬೆನ್ನು?" ಎಂದೆ. ನನ್ನ ದನಿ ಅಷ್ಟು ಸಣ್ಣದಾಗಬಲ್ಲದೆಂದು ನನಗೇ ಗೊತ್ತಿರಲಿಲ್ಲ.

ನೀರಿನ ಸದ್ದು ನಿಂತಿತು. 

"ಕೈ ಮುಟ್ಟತೈತಿ," ಎಂದರು ಅತ್ತೆ. "ನೀ ಹೋಗವಾ, ಗಿರಣಿ ಮುಂದ ಮಂದಿ ನಿಂತಾರ."

ಆ ಜಾಗಕ್ಕೆ ಅವರ ಕೈ ಮುಟ್ಟುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒದ್ದೆಯಾಗದ ಕೈಗಳನ್ನು ಸೆರಗಿಗೆ ಒರೆಸಿಕೊಂಡು ನಾನು ಗಿರಣಿಗೆ ಹೋದೆ.